ಬೋಟ್ ಎಂಜಿನ್‌ಗೆ ಗಂಟೆಯೇ ವಯಸ್ಸು: ಎಲೆಕ್ಟ್ರಾನಿಕ್ ಮೀಟರ್ ಲೆಕ್ಕ ಇಡುವುದು ಹೇಗೆ? ವಿಶಾಖಪಟ್ಟಣ, ವಿಜಯವಾಡದಿಂದ ಕಲಿಯಬೇಕಾದ್ದೇನು?

ಹೊಲದ ಕೆಲಸಕ್ಕೆ ಜೆಸಿಬಿ ಕರೆಸಿದವರಿಗೆ ಇದು ಗೊತ್ತು. ಅದರ ಬಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ಇರುವುದಿಲ್ಲ, ಗಂಟೆ ಲೆಕ್ಕದಲ್ಲಿ ಇರುತ್ತದೆ. ಟ್ರ್ಯಾಕ್ಟರ್ ಸರ್ವಿಸ್‌ಗೂ ಗಂಟೆಯೇ ಲೆಕ್ಕ. ಸಮುದ್ರಕ್ಕೆ ಇಳಿಯುವ ಮೀನುಗಾರಿಕೆ ಬೋಟ್‌ಗೂ, ನದಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಗೂ ಇದೇ ನಿಯಮ. ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದೇ ಅದರ ನಿಜವಾದ ವಯಸ್ಸು.

ಆದರೆ ಈ ಲೆಕ್ಕ ಇಂದಿಗೂ ಅನೇಕ ಬೋಟ್‌ಗಳಲ್ಲಿ ತಂಡೇಲನ ನೆನಪಿನಲ್ಲಿ ಅಥವಾ ಎಣ್ಣೆ ಮೆತ್ತಿದ ಒಂದು ನೋಟ್‌ಬುಕ್‌ನಲ್ಲಿ ಇರುತ್ತದೆ. 'ಎರಡು ಟ್ರಿಪ್ ಹಿಂದೆ ಆಯಿಲ್ ಬದಲಿಸಿದ್ದು' ಎಂಬ ಅಂದಾಜಿನ ಮೇಲೆ ಮುಂದಿನ ಟ್ರಿಪ್ ಹೊರಡುತ್ತದೆ. ಅಂದಾಜು ತಪ್ಪಿದರೆ ಲಾರಿಯಂತೆ ರಸ್ತೆ ಬದಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡುವಂತಿಲ್ಲ. ದಡದಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಎಂಜಿನ್ ನಿಂತರೆ ಬೋಟ್ ಗಾಳಿ ಬೀಸಿದ ಕಡೆ, ನೀರು ಹರಿದ ಕಡೆ ತೇಲುತ್ತದೆ.

ಹಾಗಾದರೆ ಎಂಜಿನ್ ಗಂಟೆಯನ್ನು ಎಲೆಕ್ಟ್ರಾನಿಕ್ ಉಪಕರಣದಿಂದ ಅಳೆಯುವುದು ಹೇಗೆ? ಅದರಿಂದ ಯಾರಿಗೆ ಏನು ಲಾಭ? ನಮ್ಮ ಮಂಗಳೂರು, ಮಲ್ಪೆ, ಕಾರವಾರದ ಬೋಟ್‌ಗಳಿಗೆ ಇದರಿಂದ ಏನು ಪ್ರಯೋಜನ? ನೆರೆಯ ಆಂಧ್ರಪ್ರದೇಶದ ಎರಡು ಊರುಗಳನ್ನು ಮುಂದಿಟ್ಟುಕೊಂಡು ನೋಡಿದರೆ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಒಂದು, ಬಂಗಾಳ ಕೊಲ್ಲಿಯ ದಡದ ವಿಶಾಖಪಟ್ಟಣ. ಇನ್ನೊಂದು, ಕೃಷ್ಣಾ ನದಿ ತೀರದ ವಿಜಯವಾಡ.

ಕಿಲೋಮೀಟರ್ ಲೆಕ್ಕ ಯಾಕೆ ಆಗುವುದಿಲ್ಲ?

ಕಾರು ನಿಂತಿದ್ದರೆ ಸಾಮಾನ್ಯವಾಗಿ ಎಂಜಿನ್ ಕೂಡ ನಿಂತಿರುತ್ತದೆ. ಹಾಗಾಗಿ ಓಡಿದ ದೂರವೇ ಎಂಜಿನ್ ದುಡಿಮೆಯ ಅಂದಾಜು ಕೊಡುತ್ತದೆ. ಬೋಟ್‌ನಲ್ಲಿ ಹಾಗಲ್ಲ. ಟ್ರಾಲ್ ಬೋಟ್ ಬಲೆ ಎಳೆಯುವಾಗ ಗಂಟೆಗೆ ಐದಾರು ಕಿಲೋಮೀಟರ್ ಮಾತ್ರ ಸಾಗುತ್ತದೆ. ಅಂದರೆ ಮನುಷ್ಯ ನಡೆಯುವ ವೇಗ. ಆದರೆ ಆ ಹೊತ್ತಿನಲ್ಲೇ ಎಂಜಿನ್ ಮೇಲೆ ಭಾರ ಹೆಚ್ಚು. ಬಲೆ ಎತ್ತುವ ವಿಂಚ್‌ಗೂ ಅನೇಕ ಬೋಟ್‌ಗಳಲ್ಲಿ ಅದೇ ಎಂಜಿನ್ ಶಕ್ತಿ ಕೊಡಬೇಕು. ದೂರ ಕಡಿಮೆ, ದುಡಿಮೆ ಜಾಸ್ತಿ.

ಒಂದು ಸಣ್ಣ ಲೆಕ್ಕ ನೋಡಿ. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ 250 ಗಂಟೆಗೊಮ್ಮೆ ಆಯಿಲ್ ಬದಲಿಸುವ ರೂಢಿ ಇದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನಕ್ಕೆ ಹೋಲಿಸಿದರೆ ಇದು 10 ಸಾವಿರ ಕಿಲೋಮೀಟರ್‌ಗೆ ಸಮ. ಆಳ ಸಮುದ್ರಕ್ಕೆ 14 ದಿನದ ಟ್ರಿಪ್ ಹೋದ ಬೋಟ್‌ನ ಎಂಜಿನ್ ದಿನಕ್ಕೆ 16 ಗಂಟೆ ಓಡಿದರೆ ಆ ಒಂದೇ ಟ್ರಿಪ್‌ನಲ್ಲಿ 224 ಗಂಟೆ ಆಗುತ್ತದೆ. ಅಂದರೆ ಕಾರಿನವರು ವರ್ಷಕ್ಕೊಮ್ಮೆ ಮಾಡಿಸುವ ಸರ್ವಿಸ್ ಇಲ್ಲಿ ಹೆಚ್ಚು ಕಡಿಮೆ ಪ್ರತಿ ಟ್ರಿಪ್‌ಗೆ ಬೇಕು. ವರ್ಷಕ್ಕೆ ಇಂತಹ 10 ಟ್ರಿಪ್ ಮಾಡಿದರೆ 2,240 ಗಂಟೆ. ಕಾರಿನ ಲೆಕ್ಕದಲ್ಲಿ ಸುಮಾರು 90 ಸಾವಿರ ಕಿಲೋಮೀಟರ್!

ಕ್ಯಾಲೆಂಡರ್ ನೋಡಿ ಸರ್ವಿಸ್ ಮಾಡಿಸುವುದೂ ಸರಿಹೋಗುವುದಿಲ್ಲ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಕರ್ನಾಟಕ ಸೇರಿದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ತಲಾ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ ಎರಡು ತಿಂಗಳು ಮೀಟರ್ ಒಂದು ಗಂಟೆಯೂ ಮುಂದೆ ಹೋಗುವುದಿಲ್ಲ. ನಿಷೇಧ ಮುಗಿದ ಮರುದಿನದಿಂದ ಅದು ನಿಲ್ಲುವುದೇ ಇಲ್ಲ.

ಎರಡು ಊರು, ಎರಡು ಬಗೆಯ ಗಂಟೆ

ವಿಶಾಖಪಟ್ಟಣದ ಮೀನುಗಾರಿಕಾ ಬಂದರು ಆಂಧ್ರದ ಪ್ರಮುಖ ಬಂದರುಗಳಲ್ಲಿ ಒಂದು. ನೂರಾರು ಯಾಂತ್ರೀಕೃತ ಬೋಟ್‌ಗಳು ಇಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಸೋನಾ, ಸೋರಾ ಎಂದು ಸ್ಥಳೀಯರು ಕರೆಯುವ ಟ್ರಾಲ್ ಬೋಟ್‌ಗಳು ದಿನಗಟ್ಟಲೆ ಸಮುದ್ರದಲ್ಲೇ ಇರುತ್ತವೆ. ಇವುಗಳ ಎಂಜಿನ್ ಒಮ್ಮೆ ಶುರುವಾದರೆ ತಾಸುಗಟ್ಟಲೆ ಬಿಸಿಯಾಗಿಯೇ, ಭಾರ ಹೊತ್ತೇ ಓಡುತ್ತದೆ.

ವಿಜಯವಾಡದ ಚಿತ್ರ ಬೇರೆ. ಪ್ರಕಾಶಂ ಬ್ಯಾರೇಜ್‌ನ ಹಿನ್ನೀರಿನಲ್ಲಿ ಭವಾನಿ ದ್ವೀಪವಿದೆ. ಬರ್ಮ್ ಪಾರ್ಕ್ ಕಡೆಯಿಂದ ಪ್ರವಾಸಿಗರನ್ನು ಹತ್ತಿಸಿಕೊಂಡು ದೋಣಿಗಳು ದ್ವೀಪಕ್ಕೆ ಹೋಗಿ ಬರುತ್ತವೆ. ಇಂಥ ಕಡೆ ಎಂಜಿನ್ ಸ್ವಲ್ಪ ಹೊತ್ತು ಓಡುತ್ತದೆ, ನಿಲ್ಲುತ್ತದೆ, ಜನ ಹತ್ತುವವರೆಗೆ ಸುಮ್ಮನೆ ಗುರುಗುಡುತ್ತದೆ, ಮತ್ತೆ ಹೊರಡುತ್ತದೆ.

20 ನಿಮಿಷದ ಒಂದು ಸುತ್ತು, ದಿನಕ್ಕೆ 12 ಸುತ್ತು ಎಂದು ಇಟ್ಟುಕೊಂಡರೆ ದಿನಕ್ಕೆ 4 ಗಂಟೆ ಮಾತ್ರ. ಕಡಿಮೆ ಅನಿಸಬಹುದು. ಆದರೆ ಔಟ್‌ಬೋರ್ಡ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಮೊದಲ ಸರ್ವಿಸ್ 20 ಗಂಟೆಗೆ, ಆಮೇಲೆ ಪ್ರತಿ 100 ಗಂಟೆಗೆ ಎಂದು ಕಂಪನಿಗಳು ಹೇಳುತ್ತವೆ. ಈ ಲೆಕ್ಕದಲ್ಲಿ 25 ದಿನಕ್ಕೊಂದು ಸರ್ವಿಸ್ ಬೇಕು. ಆ 25 ದಿನದಲ್ಲಿ ಎಂಜಿನ್ 300 ಬಾರಿ ಶುರುವಾಗಿ ನಿಂತಿರುತ್ತದೆ. ಪ್ರತಿ ಬಾರಿ ತಣ್ಣನೆಯ ಎಂಜಿನ್ ಶುರುವಾಗುವಾಗ ಆಗುವ ಸವೆತ, ನಿಧಾನಗತಿಯಲ್ಲಿ ತುಂಬ ಹೊತ್ತು ಓಡಿದಾಗ ಕಟ್ಟಿಕೊಳ್ಳುವ ಮಸಿ, ಸ್ಟಾರ್ಟರ್ ಮತ್ತು ಬ್ಯಾಟರಿ ಮೇಲಿನ ಹೊರೆ, ಇವೆಲ್ಲ ಬೇರೆಯೇ ಲೆಕ್ಕ.

ಹಾಗಾಗಿ ವಿಶಾಖಪಟ್ಟಣದ ಸಾವಿರ ಗಂಟೆಯೂ ವಿಜಯವಾಡದ ಸಾವಿರ ಗಂಟೆಯೂ ಒಂದೇ ಅಲ್ಲ. ಒಳ್ಳೆಯ ಉಪಕರಣ ಬರೀ ಗಂಟೆ ಎಣಿಸಿ ಸುಮ್ಮನಾಗುವುದಿಲ್ಲ. ಎಂಜಿನ್ ಎಷ್ಟು ಬಾರಿ ಶುರುವಾಯಿತು, ಯಾವ ವೇಗದಲ್ಲಿ ಎಷ್ಟು ಹೊತ್ತು ತಿರುಗಿತು ಎಂಬುದನ್ನೂ ಬರೆದಿಡುತ್ತದೆ.

ಉಪಕರಣ ಕೆಲಸ ಮಾಡುವುದು ಹೇಗೆ?

ಮೂಲದಲ್ಲಿ ಇದು ಸರಳ. ಎಂಜಿನ್ ಓಡುತ್ತಿದೆಯೇ ಇಲ್ಲವೇ ಎಂದು ಒಂದು ಸಂಕೇತದಿಂದ ತಿಳಿದುಕೊಳ್ಳುವುದು, ಓಡುತ್ತಿದ್ದರೆ ಗಡಿಯಾರ ಓಡಿಸುವುದು, ನಿಂತರೆ ಗಡಿಯಾರವನ್ನೂ ನಿಲ್ಲಿಸುವುದು. ಇದೇ ಅವರ್ ಮೀಟರ್ ಅಥವಾ ಗಂಟೆ ಮೀಟರ್. ಆದರೆ ಆ ಸಂಕೇತವನ್ನು ಎಲ್ಲಿಂದ ತೆಗೆದುಕೊಳ್ಳುತ್ತೇವೆ ಎಂಬುದರ ಮೇಲೆ ಲೆಕ್ಕ ಎಷ್ಟು ನಂಬಬಹುದು ಎಂಬುದು ನಿಂತಿದೆ. ಮುಖ್ಯವಾಗಿ ಐದು ದಾರಿಗಳಿವೆ.

1. ಕೀ ಸ್ವಿಚ್‌ನಿಂದ: ಅತ್ಯಂತ ಅಗ್ಗದ ದಾರಿ. ಕೀ ತಿರುಗಿಸಿದರೆ ಮೀಟರ್ ಶುರು. ಆದರೆ ಎಂಜಿನ್ ನಿಲ್ಲಿಸಿ ಕೀ ಹಾಗೇ ಬಿಟ್ಟರೆ ಓಡದ ಗಂಟೆಯೂ ಲೆಕ್ಕಕ್ಕೆ ಸೇರುತ್ತದೆ.

2. ಆಯಿಲ್ ಪ್ರೆಶರ್ ಸ್ವಿಚ್‌ನಿಂದ: ಎಂಜಿನ್ ತಿರುಗಿದರೆ ಮಾತ್ರ ಆಯಿಲ್ ಒತ್ತಡ ಏರುತ್ತದೆ. ಹಾಗಾಗಿ ಕೀ ಸ್ವಿಚ್‌ಗಿಂತ ಇದು ವಾಸಿ. ಆದರೆ ವೇಗ ಎಷ್ಟು ಎಂದು ತಿಳಿಯುವುದಿಲ್ಲ.

3. ಆಲ್ಟರ್ನೇಟರ್‌ನ 'ಡಬ್ಲ್ಯೂ' ಟರ್ಮಿನಲ್‌ನಿಂದ: ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತಿರುಗಿದಂತೆ ಈ ಟರ್ಮಿನಲ್‌ನಲ್ಲಿ ವಿದ್ಯುತ್ ಮಿಡಿತಗಳು ಬರುತ್ತವೆ. ಎಂಜಿನ್ 1,500 ಆರ್‌ಪಿಎಂನಲ್ಲಿದ್ದು, ಆಲ್ಟರ್ನೇಟರ್ ಅದರ ಎರಡರಷ್ಟು ತಿರುಗುತ್ತಿದ್ದು, ಒಳಗೆ 6 ಜೋಡಿ ಧ್ರುವಗಳಿದ್ದರೆ ಸೆಕೆಂಡಿಗೆ 300 ಮಿಡಿತ. ಇದನ್ನು ಎಣಿಸಿದರೆ ಗಂಟೆಯೂ ಸಿಗುತ್ತದೆ, ವೇಗವೂ ಸಿಗುತ್ತದೆ. ಕಂಪ್ಯೂಟರ್ ಇಲ್ಲದ ಹಳೆಯ ಎಂಜಿನ್‌ಗಳಿಗೆ ಇದು ಒಳ್ಳೆಯ ದಾರಿ. ಒಂದೇ ಎಚ್ಚರಿಕೆ, ಬೆಲ್ಟ್ ಜಾರಿದರೆ ಅಥವಾ ತುಂಡಾದರೆ ಲೆಕ್ಕ ತಪ್ಪುತ್ತದೆ.

4. ಕಂಪನದಿಂದ: ವೈರ್ ಜೋಡಣೆ ಬೇಡ, ಎಂಜಿನ್ ಮೇಲೆ ಅಂಟಿಸಿದರೆ ಸಾಕು. ನಡುಕ ಇದ್ದರೆ ಓಡುತ್ತಿದೆ ಎಂದು ಲೆಕ್ಕ. ಆದರೆ ಬಂದರಿನಲ್ಲಿ ಬೋಟ್‌ಗಳು ಒತ್ತೊತ್ತಾಗಿ ನಿಂತಾಗ ಪಕ್ಕದ ಬೋಟ್‌ನ ನಡುಕವನ್ನೂ ಇದು ತನ್ನದೆಂದು ಎಣಿಸುವ ಸಾಧ್ಯತೆ ಇದೆ. ಸೂಕ್ಷ್ಮತೆಯನ್ನು ಸರಿಯಾಗಿ ಹೊಂದಿಸಬೇಕು.

5. ಎಂಜಿನ್‌ನ ಕಂಪ್ಯೂಟರ್‌ನಿಂದ: ಹೊಸ ಎಂಜಿನ್‌ಗಳಲ್ಲಿ ಇಸಿಯು ಎಂಬ ನಿಯಂತ್ರಣ ಪೆಟ್ಟಿಗೆ ಇರುತ್ತದೆ. ಅದು ಗಂಟೆ, ವೇಗ, ಬಿಸಿ, ಆಯಿಲ್ ಒತ್ತಡ ಎಲ್ಲವನ್ನೂ ತಾನೇ ಬರೆದಿಡುತ್ತದೆ. ಭಾರಿ ವಾಹನಗಳ ಎಂಜಿನ್‌ಗಳಲ್ಲಿ ಬಳಸುವ 'ಜೆ1939' ಮತ್ತು ದೋಣಿಗಳಿಗೆಂದೇ ರೂಪಿಸಿದ 'ಎನ್‌ಎಂಇಎ 2000' ಎಂಬ ಎರಡು ಸಂವಹನ ಪದ್ಧತಿಗಳಲ್ಲಿ ಎಂಜಿನ್ ಗಂಟೆಯನ್ನು ತಿಳಿಸುವ ವ್ಯವಸ್ಥೆ ಇದೆ. ಮೊದಲನೆಯದು 3 ನಿಮಿಷದ ಮೆಟ್ಟಿಲಿನಲ್ಲಿ ಎಣಿಸಿದರೆ ಎರಡನೆಯದು ಸೆಕೆಂಡ್ ಲೆಕ್ಕದಲ್ಲಿ ಹೇಳುತ್ತದೆ.

ಇನ್ನೊಂದು ಮಾತು. ಮೀಟರ್‌ನಲ್ಲಿ 1234.5 ಎಂದಿದ್ದರೆ 1,234 ಗಂಟೆ 5 ನಿಮಿಷ ಎಂದು ಓದುವವರಿದ್ದಾರೆ. ಅದು ತಪ್ಪು. ಚುಕ್ಕಿಯ ನಂತರದ ಅಂಕಿ ಗಂಟೆಯ ಹತ್ತನೇ ಒಂದು ಭಾಗ, ಅಂದರೆ 6 ನಿಮಿಷ. 1234.5 ಎಂದರೆ 1,234 ಗಂಟೆ 30 ನಿಮಿಷ.

ಸಮುದ್ರದ ಮಧ್ಯೆ ಸಿಗ್ನಲ್ ಇಲ್ಲದಿದ್ದರೆ?

ದಡದಲ್ಲಿರುವ ಮಾಲೀಕರ ಮೊಬೈಲ್‌ಗೆ ಲೆಕ್ಕ ಬರಬೇಕೆಂದರೆ ಉಪಕರಣದೊಳಗೆ ಸಿಮ್ ಇರಬೇಕು. ವಿಜಯವಾಡದ ನದಿ ದೋಣಿಗೆ ಇದರಲ್ಲಿ ತೊಂದರೆ ಇಲ್ಲ, ನಗರದ ಪಕ್ಕದಲ್ಲೇ ನದಿ. ಆದರೆ ವಿಶಾಖಪಟ್ಟಣದ ಬೋಟ್ ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ ಮಾಯ. ಇದಕ್ಕೆ ಪರಿಹಾರ, ಕೂಡಿಟ್ಟು ಕಳಿಸುವುದು. ಸಿಗ್ನಲ್ ಇಲ್ಲದಷ್ಟು ದಿನ ಉಪಕರಣ ಪ್ರತಿ ನಿಮಿಷದ ಲೆಕ್ಕವನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಬೋಟ್ ಬಂದರಿಗೆ ಮರಳುವಾಗ ಸಿಗ್ನಲ್ ಸಿಕ್ಕ ಕೂಡಲೇ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. ಬ್ಯಾಟರಿ ಕಿತ್ತರೂ ಅಳಿಯದ ಮೆಮೊರಿ ಇರುವುದು ಮುಖ್ಯ. ಇಲ್ಲದಿದ್ದರೆ ಬ್ಯಾಟರಿ ಬದಲಿಸಿದ ದಿನ ಹತ್ತು ಸಾವಿರ ಗಂಟೆ ಓಡಿದ ಎಂಜಿನ್ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಉಪಕರಣದ ದೊಡ್ಡ ಶತ್ರು ಉಪ್ಪು ನೀರು. ಸಾಮಾನ್ಯ ತಾಮ್ರದ ವೈರ್ ಉಪ್ಪಿನ ಗಾಳಿಗೆ ಹಸಿರು ಹಿಡಿದು ಕೆಲವೇ ತಿಂಗಳಲ್ಲಿ ಕೈಕೊಡಬಹುದು. ತವರ ಲೇಪಿಸಿದ ವೈರ್, ನೀರು ನುಗ್ಗದ 'ಐಪಿ67' ಮಟ್ಟದ ಪೆಟ್ಟಿಗೆ, ಒಳಗಿನ ಸರ್ಕ್ಯೂಟ್ ಬೋರ್ಡ್‌ಗೆ ರಕ್ಷಣಾ ಲೇಪನ, ಈ ಮೂರೂ ಇದ್ದರಷ್ಟೇ ಅದು ಬೋಟ್‌ಗೆ ಯೋಗ್ಯ.

ಗಂಟೆ ಜತೆ ಡೀಸೆಲ್: ಇದು ಪಾಲಿನ ಪ್ರಶ್ನೆ

ಮೀನುಗಾರಿಕೆಯಲ್ಲಿ ತಿಂಗಳ ಸಂಬಳಕ್ಕಿಂತ ಪಾಲು ಪದ್ಧತಿಯೇ ಹೆಚ್ಚು. ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸ್, ರೇಷನ್ ಖರ್ಚು ಕಳೆದು ಉಳಿದದ್ದನ್ನು ಮಾಲೀಕರು ಮತ್ತು ಕೆಲಸಗಾರರು ಹಂಚಿಕೊಳ್ಳುತ್ತಾರೆ. ಅಂದರೆ ಡೀಸೆಲ್ ಖರ್ಚು ಹೆಚ್ಚಾದರೆ ಮಾಲೀಕರಿಗಷ್ಟೇ ಅಲ್ಲ, ಬಲೆ ಎಳೆದವನ ಪಾಲಿಗೂ ಕತ್ತರಿ. ಎಂಜಿನ್ ಗಂಟೆ ಇಲ್ಲಿ ನೇರವಾಗಿ ಮನೆಯ ಅಕ್ಕಿ ಬೇಳೆಗೆ ಸಂಬಂಧಿಸಿದ ವಿಷಯ.

ಉದಾಹರಣೆಗೆ, 120 ಅಶ್ವಶಕ್ತಿಯ ಎಂಜಿನ್ ಶೇ.70ರಷ್ಟು ಭಾರದಲ್ಲಿ ಓಡಿದರೆ ಗಂಟೆಗೆ ಸುಮಾರು 16 ಲೀಟರ್ ಡೀಸೆಲ್ ಕುಡಿಯುತ್ತದೆ ಎಂದು ಲೆಕ್ಕ ಹಾಕಬಹುದು. ಇಡೀ ಟ್ರಿಪ್‌ಗೆ ಇದನ್ನೇ ಸರಾಸರಿ ಎಂದು ಇಟ್ಟುಕೊಳ್ಳೋಣ. 224 ಗಂಟೆಯ ಟ್ರಿಪ್‌ಗೆ 3,584 ಲೀಟರ್. ಲೀಟರ್‌ಗೆ 90 ರೂಪಾಯಿ ಎಂದು ಹಿಡಿದರೂ 3 ಲಕ್ಷದ 22 ಸಾವಿರ ರೂಪಾಯಿ ದಾಟುತ್ತದೆ. ಇಂಜೆಕ್ಟರ್ ಕೆಟ್ಟಿದ್ದಕ್ಕೋ, ಬೋಟ್‌ನ ತಳಕ್ಕೆ ಚಿಪ್ಪು ಅಂಟಿದ್ದಕ್ಕೋ, ಪ್ರೊಪೆಲ್ಲರ್ ಬಾಗಿದ್ದಕ್ಕೋ ಗಂಟೆಗೆ 2 ಲೀಟರ್ ಹೆಚ್ಚು ಹೋದರೆ ಒಂದೇ ಟ್ರಿಪ್‌ನಲ್ಲಿ 448 ಲೀಟರ್, ಅಂದರೆ 40 ಸಾವಿರ ರೂಪಾಯಿ ನಷ್ಟ.

ಟ್ಯಾಂಕ್‌ಗೆ ಎಷ್ಟು ಲೀಟರ್ ಹಾಕಿದೆವು ಎಂಬುದಷ್ಟೇ ಗೊತ್ತಿದ್ದರೆ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ. 'ಈ ಸಲ ಹೆಚ್ಚು ಓಡಿದ್ದೇವೆ' ಎಂಬ ಒಂದೇ ಮಾತಿಗೆ ಲೆಕ್ಕ ಮುಗಿಯುತ್ತದೆ. ಲೀಟರನ್ನು ಗಂಟೆಯಿಂದ ಭಾಗಿಸಿದಾಗ ಮಾತ್ರ ರೋಗ ಗೊತ್ತಾಗುತ್ತದೆ. ಕೆಲಸಗಾರರ ಮೇಲಿನ ಸುಳ್ಳು ಅನುಮಾನವೂ ಹೋಗುತ್ತದೆ. ಡೀಸೆಲ್ ಕಳ್ಳತನವಾಗಿಲ್ಲ, ಎಂಜಿನ್‌ಗೇ ಕಾಯಿಲೆ ಇದೆ ಎಂದು ಹೇಳಲು ತಂಡೇಲನ ಕೈಯಲ್ಲೂ ಒಂದು ದಾಖಲೆ ಇರುತ್ತದೆ.

ಸರ್ಕಾರದ ಹಣವೂ ಇಲ್ಲಿದೆ. ಆಂಧ್ರದಲ್ಲಿ 2019ರಲ್ಲಿ ಮೀನುಗಾರಿಕೆ ಬೋಟ್‌ಗಳ ಡೀಸೆಲ್ ಸಬ್ಸಿಡಿಯನ್ನು ಲೀಟರ್‌ಗೆ 6.03 ರೂಪಾಯಿಯಿಂದ 9 ರೂಪಾಯಿಗೆ ಏರಿಸಲಾಯಿತು. ಕರ್ನಾಟಕದಲ್ಲಿ 2023ರ ಜುಲೈ ಬಜೆಟ್‌ನಲ್ಲಿ ಕರರಹಿತ ಡೀಸೆಲ್‌ನ ವಾರ್ಷಿಕ ಮಿತಿಯನ್ನು 1.5 ಲಕ್ಷ ಕಿಲೋಲೀಟರ್‌ನಿಂದ 2 ಲಕ್ಷ ಕಿಲೋಲೀಟರ್‌ಗೆ ಹೆಚ್ಚಿಸಲಾಯಿತು.

ಗಂಟೆ ಹೆಚ್ಚಾದರೆ ನಷ್ಟವೇ? ಹಾಗೇನಿಲ್ಲ

ಇಲ್ಲೊಂದು ಸೂಕ್ಷ್ಮವಿದೆ. ನೀರಿನಲ್ಲಿ ವೇಗ ಹೆಚ್ಚಿಸಿದಂತೆ ಬೇಕಾಗುವ ಶಕ್ತಿ ಅದರ ಘನದಷ್ಟು ಏರುತ್ತದೆ. ಬೋಟ್‌ನ ವೇಗವನ್ನು 8 ನಾಟ್‌ನಿಂದ 7 ನಾಟ್‌ಗೆ ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅಷ್ಟೇ ದೂರ ಸಾಗಲು ಸಮಯ ಶೇ.14ರಷ್ಟು ಹೆಚ್ಚು ಬೇಕು. ಆದರೆ ಒಟ್ಟು ಡೀಸೆಲ್ ಖರ್ಚು ಸುಮಾರು ಶೇ.23ರಷ್ಟು ಇಳಿಯುತ್ತದೆ.

ಅಂದರೆ ಗಂಟೆ ಮೀಟರ್ ಮಾತ್ರ ನೋಡುವ ಮಾಲೀಕರಿಗೆ 'ಎಂಜಿನ್ ಜಾಸ್ತಿ ಓಡಿಸಿದ್ದಾನೆ' ಅನಿಸುತ್ತದೆ. ನಿಜದಲ್ಲಿ ತಂಡೇಲ ಹಣ ಉಳಿಸಿರುತ್ತಾನೆ. ಹಾಗಾಗಿ ಗಂಟೆಯನ್ನು ಒಂಟಿಯಾಗಿ ಓದಬಾರದು. ಗಂಟೆ, ವೇಗ, ಲೀಟರ್ ಮೂರನ್ನೂ ಒಟ್ಟಿಗೆ ಓದಬೇಕು.

ದೇಶದ ಮಟ್ಟದಲ್ಲಿ ಈ ಉಳಿತಾಯ ಸಣ್ಣದಲ್ಲ. ಭಾರತದ ಮೀನುಗಾರಿಕೆ ಬೋಟ್‌ಗಳು ವರ್ಷಕ್ಕೆ ಸುಮಾರು 122 ಕೋಟಿ ಲೀಟರ್ ಇಂಧನ ಸುಡುತ್ತವೆ ಎಂದು 2000ರ ಸ್ಥಿತಿಯನ್ನು ಆಧರಿಸಿದ ಒಂದು ಅಂದಾಜು ಹೇಳಿತ್ತು. ಅದರ ಪ್ರಕಾರ ಒಂದು ಟನ್ ಮೀನು ಹಿಡಿಯಲು 1.13 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಎಂಜಿನ್ ಆಫ್, ಆದರೂ ದೋಣಿ ಚಲಿಸುತ್ತಿದೆ!

ಇನ್ನು ಸುರಕ್ಷತೆಯ ವಿಷಯ. 2024ರ ಸೆಪ್ಟೆಂಬರ್ 1ರಂದು ಕೃಷ್ಣಾ ನದಿಗೆ ದಾಖಲೆಯ ಪ್ರವಾಹ ಬಂತು. ಪ್ರಕಾಶಂ ಬ್ಯಾರೇಜ್‌ನಲ್ಲಿ ಹರಿವು 11 ಲಕ್ಷ ಕ್ಯೂಸೆಕ್ ದಾಟಿತು. ಆ ನೀರಿನಲ್ಲಿ ಕೊಚ್ಚಿಕೊಂಡು ಬಂದ ಭಾರಿ ದೋಣಿಗಳು ಬ್ಯಾರೇಜ್‌ಗೆ ಬಡಿದವು. 67, 69 ಮತ್ತು 70ನೇ ಗೇಟ್‌ಗಳ ಕೌಂಟರ್‌ವೇಟ್‌ಗಳಿಗೆ ಹಾನಿಯಾಯಿತು. ಸಿಕ್ಕಿಹಾಕಿಕೊಂಡ ದೋಣಿಗಳನ್ನು ತೆಗೆಯಲು ಹಲವು ದಿನ ಬೇಕಾದವು. ಅದಕ್ಕೆ ಕೆಲವೇ ವಾರಗಳ ಹಿಂದೆ ನಮ್ಮ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದಾಗ ನೆರವಿಗೆ ಬಂದಿದ್ದ ತಜ್ಞ ಕನ್ನಯ್ಯ ನಾಯ್ಡು ಅವರೇ ಇಲ್ಲಿನ ದುರಸ್ತಿಗೂ ಬಂದಿದ್ದರು.

ಇದಕ್ಕೂ ಎಂಜಿನ್ ಗಂಟೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಉಪಕರಣದಲ್ಲಿ ಜಿಪಿಎಸ್ ಕೂಡ ಇದ್ದರೆ ಅದಕ್ಕೆ ಎರಡು ವಿಷಯ ಗೊತ್ತಿರುತ್ತದೆ. ಎಂಜಿನ್ ಓಡುತ್ತಿದೆಯೇ? ದೋಣಿ ಚಲಿಸುತ್ತಿದೆಯೇ? ಎಂಜಿನ್ ನಿಂತಿದ್ದು ದೋಣಿ ಮಾತ್ರ ಚಲಿಸುತ್ತಿದ್ದರೆ ಅರ್ಥ ಒಂದೇ, ಕಟ್ಟಿದ ಹಗ್ಗ ಬಿಟ್ಟಿದೆ ಅಥವಾ ಎಂಜಿನ್ ಕೈಕೊಟ್ಟು ದೋಣಿ ತೇಲುತ್ತಿದೆ. ಆ ಕ್ಷಣವೇ ಮಾಲೀಕರಿಗೂ ನಿಯಂತ್ರಣ ಕೊಠಡಿಗೂ ಎಚ್ಚರಿಕೆ ಹೋಗುವಂತೆ ಮಾಡಬಹುದು. ಪ್ರವಾಹವನ್ನು ಇದು ತಡೆಯುವುದಿಲ್ಲ. ಆದರೆ ದೋಣಿ ಬ್ಯಾರೇಜ್ ಮುಟ್ಟುವ ಮೊದಲೇ ಅದು ಬರುತ್ತಿದೆ ಎಂದು ಗೊತ್ತಾಗುತ್ತದೆ.

ನಿಯಂತ್ರಣ ಕೊಠಡಿಗಳೂ ಆಂಧ್ರಕ್ಕೆ ಹೊಸದಲ್ಲ. 2017ರ ನವೆಂಬರ್ 12ರಂದು ವಿಜಯವಾಡ ಸಮೀಪ ಕೃಷ್ಣಾ ನದಿಯಲ್ಲಿ ಪ್ರವಾಸಿ ದೋಣಿ ಮಗುಚಿ 20ಕ್ಕೂ ಹೆಚ್ಚು ಮಂದಿ ಮೃತಪಟ್ಟಿದ್ದರು. 2019ರ ಸೆಪ್ಟೆಂಬರ್ 15ರಂದು ಗೋದಾವರಿಯ ಕಚ್ಚುಲೂರು ಬಳಿ ಇನ್ನೊಂದು ದೊಡ್ಡ ದುರಂತ ನಡೆಯಿತು. ಅದರ ನಂತರ ರಾಜ್ಯ ಸರ್ಕಾರ ದೋಣಿ ಸಂಚಾರಕ್ಕೆಂದೇ 9 ನಿಯಂತ್ರಣ ಕೊಠಡಿಗಳನ್ನು ತೆರೆಯಿತು. ಅವುಗಳಲ್ಲಿ ಒಂದು ವಿಶಾಖಪಟ್ಟಣದ ಋಷಿಕೊಂಡ, ಇನ್ನೊಂದು ವಿಜಯವಾಡದ ಬರ್ಮ್ ಪಾರ್ಕ್. ದೋಣಿ ಹೊರಡುವ ಮುನ್ನ ಜನರ ಸಂಖ್ಯೆ, ಲೈಫ್ ಜಾಕೆಟ್ ನೋಡುವಂತೆಯೇ 'ಕಳೆದ ಸರ್ವಿಸ್ ಆಗಿ ಎಷ್ಟು ಗಂಟೆ ಆಯಿತು' ಎಂಬ ಒಂದು ಪ್ರಶ್ನೆ ಸೇರಿಸುವುದು ಕಷ್ಟವೇನಲ್ಲ. ಉತ್ತರ ಪರದೆಯ ಮೇಲೇ ಇರುತ್ತದೆ.

ಸುಟ್ಟುಹೋದ ಬೋಟ್‌ನ ಬೆಲೆ ಎಷ್ಟು?

2023ರ ನವೆಂಬರ್ 19ರ ರಾತ್ರಿ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಬೆಂಕಿ ಹೊತ್ತಿಕೊಂಡಿತು. ಒತ್ತೊತ್ತಾಗಿ ನಿಂತಿದ್ದ ಬೋಟ್‌ಗಳಲ್ಲಿ ಸುಮಾರು 40 ಬೆಂಕಿಗೆ ತುತ್ತಾದವು. ಬೋಟ್ ಮೌಲ್ಯದ ಶೇ.80ರಷ್ಟು ಪರಿಹಾರ ಕೊಡುವುದಾಗಿ ರಾಜ್ಯ ಸರ್ಕಾರ ಘೋಷಿಸಿತು.

ಇಂತಹ ಸಂದರ್ಭದಲ್ಲಿ ಮೊದಲು ಬರುವ ಪ್ರಶ್ನೆಯೇ ಆ 'ಮೌಲ್ಯ' ಎಷ್ಟು ಎಂಬುದು. ಯಾಂತ್ರೀಕೃತ ಬೋಟ್‌ನ ಬೆಲೆಯಲ್ಲಿ ಎಂಜಿನ್‌ನದ್ದು ದೊಡ್ಡ ಪಾಲು. ಹೊಸದಾಗಿ ಕೂರಿಸಿದ 800 ಗಂಟೆಯ ಎಂಜಿನ್‌ಗೂ 15 ಸಾವಿರ ಗಂಟೆ ಓಡಿ ಬೋರಿಂಗ್‌ಗೆ ಬಂದ ಎಂಜಿನ್‌ಗೂ ಬೆಲೆ ಒಂದೇ ಆಗಲು ಸಾಧ್ಯವಿಲ್ಲ. ಆದರೆ ಎಂಜಿನ್‌ನೊಂದಿಗೆ ನೋಟ್‌ಬುಕ್ ಕೂಡ ಸುಟ್ಟುಹೋಗಿದ್ದರೆ ಯಾವುದು ಯಾವುದೆಂದು ಹೇಳುವವರು ಯಾರು? ಗಂಟೆ ಲೆಕ್ಕ ಪ್ರತಿ ಟ್ರಿಪ್ ಮುಗಿದಾಗ ದಡದ ಸರ್ವರ್‌ಗೆ ಹೋಗಿ ಕೂತಿದ್ದರೆ ಬೋಟ್ ಇಲ್ಲವಾದರೂ ಅದರ ದಾಖಲೆ ಉಳಿಯುತ್ತದೆ. ವಿಮೆ ಮಾಡಿಸುವಾಗಲೂ, ಹಳೆಯ ಬೋಟ್ ಕೊಳ್ಳುವಾಗಲೂ, ಬ್ಯಾಂಕ್ ಸಾಲ ಕೇಳುವಾಗಲೂ ಇದೇ ದಾಖಲೆ ಕೆಲಸಕ್ಕೆ ಬರುತ್ತದೆ.

ಸರ್ಕಾರದ ಟ್ರಾನ್ಸ್‌ಪಾಂಡರ್ ಇದ್ದರೆ ಸಾಲದೇ?

ಅನೇಕರು ಇದನ್ನು ಕೇಳುತ್ತಾರೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಕರಾವಳಿ ರಾಜ್ಯಗಳ 1 ಲಕ್ಷ ಬೋಟ್‌ಗಳಿಗೆ ಉಪಗ್ರಹ ಆಧಾರಿತ ಟ್ರಾನ್ಸ್‌ಪಾಂಡರ್ ಅಳವಡಿಸುವ 364 ಕೋಟಿ ರೂಪಾಯಿ ವೆಚ್ಚದ ಕಾರ್ಯಕ್ರಮಕ್ಕೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಸಿಕ್ಕಿತು. ಇಸ್ರೋ ತಂತ್ರಜ್ಞಾನದ ಈ ಉಪಕರಣದಿಂದ ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಸಂದೇಶ ಕಳಿಸಬಹುದು, ಅಪಾಯದಲ್ಲಿ ನೆರವು ಕೇಳಬಹುದು.

ಇದರ ಬೆಲೆ ಏನೆಂದು ಕರಾವಳಿ ಕರ್ನಾಟಕಕ್ಕೆ ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 15ರ ರಾತ್ರಿ ಮಲ್ಪೆಯ 'ಸುವರ್ಣ ತ್ರಿಭುಜ' ಬೋಟ್ 7 ಮೀನುಗಾರರ ಸಮೇತ ಸಂಪರ್ಕ ಕಡಿದುಕೊಂಡಿತು. ಮಹಾರಾಷ್ಟ್ರದ ಮಾಲ್ವಾಣ್ ಬಳಿ ಸಮುದ್ರದಾಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆಹಚ್ಚಿದ್ದು 2019ರ ಮೇ ತಿಂಗಳಲ್ಲಿ. ನಾಲ್ಕೂವರೆ ತಿಂಗಳು ಏಳು ಮನೆಗಳು ಕಾದವು.

ಆದರೆ ಟ್ರಾನ್ಸ್‌ಪಾಂಡರ್ ಹೇಳುವುದು ಬೋಟ್ ಎಲ್ಲಿದೆ ಎಂದು. ಎಂಜಿನ್ ಹೇಗಿದೆ ಎಂಬುದು ಅದರ ಕೆಲಸವಲ್ಲ. ಒಂದು ಅಪಾಯ ಬಂದ ಮೇಲೆ ನೆರವಿಗೆ ಬರುತ್ತದೆ, ಇನ್ನೊಂದು ಅಪಾಯ ಬಾರದಂತೆ ಮೊದಲೇ ಎಚ್ಚರಿಸುತ್ತದೆ. ಎರಡೂ ಬೇಕು.

ಮೀಟರ್‌ಗೆ ಮೋಸ ಮಾಡಬಹುದೇ?

ಮಾಡಬಹುದು. ವೈರ್ ಕಿತ್ತರೆ ಮೀಟರ್ ನಿಲ್ಲುತ್ತದೆ. ಹಳೆಯ ಕಾರಿನ ಕಿಲೋಮೀಟರ್ ಹಿಂದಕ್ಕೆ ತಿರುಗಿಸಿದಂತೆ ಹಳೆಯ ಬೋಟ್ ಮಾರುವವರು ಹೊಸ ಮೀಟರ್ ಹಾಕಿ 'ಕಡಿಮೆ ಓಡಿದೆ' ಎನ್ನಬಹುದು. ಆದರೆ ಉಪಕರಣಕ್ಕೆ ಎರಡು ಸಾಕ್ಷಿ ಇದ್ದರೆ ಮೋಸ ಕಷ್ಟ. ಬೋಟ್ 7 ನಾಟ್ ವೇಗದಲ್ಲಿ ನೇರ ಸಾಗುತ್ತಿದೆ, ಆದರೆ ಎಂಜಿನ್ ಗಂಟೆ ಸೊನ್ನೆ ಎಂದಾದರೆ ವೈರ್ ಕಿತ್ತಿದ್ದಾರೆ ಎಂದೇ ಅರ್ಥ. ನಿಧಾನವಾಗಿ, ದಿಕ್ಕಿಲ್ಲದೆ ಸಾಗುತ್ತಿದ್ದರೆ ತೇಲುತ್ತಿದೆ ಎಂದು. ಡೀಸೆಲ್ ಬಿಲ್ ಮೂರನೇ ಸಾಕ್ಷಿ.

ಮಾಹಿತಿ ಯಾರ ಕೈಯಲ್ಲಿ ಇರಬೇಕು?

ಮೀನುಗಾರರ ದೊಡ್ಡ ಆತಂಕ ಇದು. ಒಳ್ಳೆಯ ಮೀನು ಸಿಗುವ ಜಾಗ ಒಬ್ಬ ತಂಡೇಲನ ಹತ್ತಾರು ವರ್ಷದ ಅನುಭವದ ಆಸ್ತಿ. ಬೋಟ್‌ನ ಪ್ರತಿ ಚಲನೆ ಪರದೆಯ ಮೇಲೆ ಕಂಡರೆ ಆ ಜಾಗ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಭಯ ಸಹಜ.

ಎಂಜಿನ್ ಗಂಟೆಯ ಗುಣವೇ ಇದು, ಅದು ಯಾರ ಗುಟ್ಟನ್ನೂ ಹೇಳುವುದಿಲ್ಲ. ಎಷ್ಟು ಹೊತ್ತು ಓಡಿತು ಎಂದು ಹೇಳುತ್ತದೆ, ಎಲ್ಲಿ ಓಡಿತು ಎಂದು ಹೇಳಬೇಕಾಗಿಲ್ಲ. ಸರ್ವಿಸ್‌ಗೆ, ಡೀಸೆಲ್ ಲೆಕ್ಕಕ್ಕೆ, ಪಾಲಿನ ಲೆಕ್ಕಕ್ಕೆ ಸ್ಥಳದ ಮಾಹಿತಿ ಬೇಕೇ ಇಲ್ಲ. ಜಿಪಿಎಸ್ ಮಾಹಿತಿಯನ್ನು ಎಚ್ಚರಿಕೆ ಕೊಡುವಾಗ ಮಾತ್ರ ಕಳಿಸುವಂತೆ ಹೊಂದಿಸಬಹುದು. ಇನ್ನೊಂದು ಮುಖ್ಯ ಮಾತು, ಮಾಲೀಕರ ಮೊಬೈಲ್‌ನಲ್ಲಿ ಕಾಣುವ ಲೆಕ್ಕವೇ ತಂಡೇಲನ ಮೊಬೈಲ್‌ನಲ್ಲೂ ಕಾಣಬೇಕು. ಒಬ್ಬರಿಗೆ ಮಾತ್ರ ಕಾಣುವ ಮೀಟರ್ ಕಾವಲುಗಾರ ಅನಿಸಿಕೊಳ್ಳುತ್ತದೆ. ಇಬ್ಬರಿಗೂ ಕಾಣುವ ಮೀಟರ್ ಸಾಕ್ಷಿ ಆಗುತ್ತದೆ.

ಬೋಟ್ ಮಾಲೀಕರು, ತಂಡೇಲರು ಗಮನಿಸಬೇಕಾದ ಅಂಶಗಳು

* ಹಳೆಯ ಎಂಜಿನ್‌ಗೆ ಆಯಿಲ್ ಪ್ರೆಶರ್ ಅಥವಾ ಆಲ್ಟರ್ನೇಟರ್‌ನಿಂದ ಸಂಕೇತ ತೆಗೆದುಕೊಳ್ಳುವ ಮೀಟರ್ ಹಾಕಿಸಿ. ಕೀ ಸ್ವಿಚ್ ಮೀಟರ್‌ಗಿಂತ ಇದು ನಂಬಿಕಸ್ಥ.

* ಸಾದಾ ಡಿಜಿಟಲ್ ಗಂಟೆ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಿಮ್, ಜಿಪಿಎಸ್ ಇರುವುದಕ್ಕೆ ಕೆಲವು ಸಾವಿರ ಬೇಕು. ಮೊದಲು ಸಾದಾ ಮೀಟರ್‌ನಿಂದಲೇ ಶುರು ಮಾಡಬಹುದು.

* ಅಳವಡಿಸುವ ದಿನ ಎಂಜಿನ್ ಈವರೆಗೆ ಓಡಿದ ಅಂದಾಜು ಗಂಟೆಯನ್ನು ಬರೆದು ದಿನಾಂಕ ಹಾಕಿ. ಇಲ್ಲದಿದ್ದರೆ ಹಳೆಯ ಎಂಜಿನ್‌ಗೆ ಹೊಸ ಹುಟ್ಟುಹಬ್ಬ ಆದಂತೆ.

* ಪ್ರತಿ ಟ್ರಿಪ್ ಹೊರಡುವಾಗ ಮತ್ತು ಮರಳಿದಾಗ ಮೀಟರ್‌ನ ಫೋಟೊ ತೆಗೆದು ಬೋಟ್‌ನ ವಾಟ್ಸ್ಆ್ಯಪ್ ಗ್ರೂಪ್‌ಗೆ ಹಾಕಿ. ಡೀಸೆಲ್ ಬಿಲ್‌ನ ಫೋಟೊ ಜತೆಗಿರಲಿ.

* ಗಂಟೆಗೆ ಎಷ್ಟು ಲೀಟರ್ ಎಂಬುದನ್ನು ಪ್ರತಿ ಟ್ರಿಪ್‌ಗೂ ಲೆಕ್ಕ ಹಾಕಿ. ಸತತ ಎರಡು ಟ್ರಿಪ್ ಏರಿದರೆ ಮೆಕ್ಯಾನಿಕ್‌ಗೆ ತೋರಿಸಿ.

* ಆಯಿಲ್, ಫಿಲ್ಟರ್, ಇಂಪೆಲ್ಲರ್ ಬದಲಿಸಿದಾಗ ಎಷ್ಟನೇ ಗಂಟೆಯಲ್ಲಿ ಎಂದು ಬರೆಯಿರಿ, ದಿನಾಂಕ ಮಾತ್ರ ಸಾಲದು.

ಈ ಲೆಕ್ಕವನ್ನು ಓದಲು ಗೊತ್ತಿರುವ ಮೆಕ್ಯಾನಿಕ್‌ಗಳೂ ಬೇಕು. ಮೀನುಗಾರಿಕೆ ಬೋಟ್‌ಗಳ ಚಾಲನೆ ಮತ್ತು ಎಂಜಿನ್ ತರಬೇತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಸಿಫ್ನೆಟ್‌ಗೆ ಕೊಚ್ಚಿಯ ಜತೆಗೆ ವಿಶಾಖಪಟ್ಟಣದಲ್ಲೂ ಘಟಕವಿದೆ. ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ಸಂಶೋಧನಾ ಕೇಂದ್ರವೂ ಅಲ್ಲಿದೆ. ಕಲಿಯಬಯಸುವ ಯುವಕರಿಗೆ ದಾರಿಗಳಿವೆ.

ನಮ್ಮ ಕರಾವಳಿಯಲ್ಲಿ ಆಗಸ್ಟ್ 1ಕ್ಕೆ ಬೋಟ್‌ಗಳು ಮತ್ತೆ ಸಮುದ್ರಕ್ಕೆ ಇಳಿಯುವ ಮುನ್ನ ಎರಡು ತಿಂಗಳು ದಕ್ಕೆಯಲ್ಲಿ ಬಲೆ ಹೆಣೆಯುವ, ಬಣ್ಣ ಬಳಿಯುವ, ಎಂಜಿನ್ ಬಿಚ್ಚುವ ಕೆಲಸ ನಡೆಯುತ್ತದೆ. ಮೀಟರ್ ಕೂರಿಸಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಮುಂದಿನ ಸಲ ಸಮುದ್ರದ ಮಧ್ಯೆ ಎಂಜಿನ್‌ನ ಸದ್ದು ಸ್ವಲ್ಪ ಬದಲಾದಾಗ 'ಆಯಿಲ್ ಬದಲಿಸಿ ಎಷ್ಟು ದಿನ ಆಯಿತು?' ಎಂದು ತಲೆ ಕೆರೆದುಕೊಳ್ಳುವ ಬದಲು ತಂಡೇಲ ಮೀಟರ್ ನೋಡಿ, ಮುಂದೆ ಹೋಗಬೇಕೋ ದಡಕ್ಕೆ ತಿರುಗಬೇಕೋ ಎಂದು ತೀರ್ಮಾನಿಸಬಹುದು.